ನನ್ನ ಕೋಟನ್ನು ತರಗತಿಗೇ ಮೊದಲ ಸ್ಥಾನಕ್ಕೆ ತಂದ ಯಂತ್ರಕ್ಕೆ

ನಮ್ಮ ಕೋಣೆಯ ಕರಿಹಲಗೆಯ ಮೇಲೆ ವಿರಾಜಮಾನರಾಗಿದ್ದು, ಒಂದೇ ಕಣ್ಣಿನಲ್ಲಿ ಒಂಬತ್ತು ಮಕ್ಕಳ ಏಕಾಗ್ರತೆಯನ್ನು ಅಳೆಯಬಲ್ಲ ಕಲಿಕಾ ಯಂತ್ರದವರ ಸನ್ನಿಧಾನಕ್ಕೆ ವಿಶೇಷ ಮಕ್ಕಳ ಟೀಚರ್ ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವು ಬಂದ ದಿನ ನಾವು ತಮ್ಮ ಗಾಜು ಒರೆಸಿ ಚಪ್ಪಾಳೆ ತಟ್ಟಿದ್ದೆವು. ಮುಖ ನೋಡಿಯೇ ಹಾಜರಿ ಹಾಕುತ್ತೀರಿ, ಒಬ್ಬೊಬ್ಬರ ಅಗತ್ಯಕ್ಕೆ ತಕ್ಕಂತೆ ಪಾಠ ಮಾಡುತ್ತೀರಿ ಎಂದು ತಮ್ಮನ್ನು ಗೋಡೆಗೆ ಜಡಿದವರು ಹೇಳಿದ್ದರು. ಮುಂದಿನ ಸಾಲಿನಲ್ಲಿ ಗಾಲಿಕುರ್ಚಿಯಲ್ಲಿ ಕೂರುವ ಹನ್ನೊಂದು ವರ್ಷದ ಹುಡುಗಿಯನ್ನು ನಾವೆಲ್ಲ ಚಿನಕುರುಳಿ ಎನ್ನುತ್ತೇವೆ. ಅವಳ ಕತ್ತು, ಕೈ ಅವಳ ಮಾತು ಕೇಳುವುದಿಲ್ಲ. ಬಾಯಿಂದ ಮಾತು ಹೊರಡುವುದಿಲ್ಲ. ಬೆರಳಿನ ಗೆಣ್ಣಿನಿಂದ ಒಂದೊಂದೇ ಅಕ್ಷರ ಒತ್ತಿದರೆ ಮಡಿಲಲ್ಲಿರುವ ಹಳೆಯ ಟ್ಯಾಬ್ ಅದನ್ನು ಓದಿ ಹೇಳುತ್ತದೆ. ಅದೂ ಯಂತ್ರವೇ, ತಮ್ಮ ಬಡ ನೆಂಟ ಎನ್ನಬಹುದು. ಆದರೆ ಅವಳು ಎಷ್ಟು ಹೊತ್ತು ತೆಗೆದುಕೊಂಡರೂ ಅದು ಗೊಣಗುವುದಿಲ್ಲ.

ಅಲುಗಾಡುವ ಮುಖ ಮುಖವೇ ಅಲ್ಲವೆಂಬ ತಮ್ಮ ಉನ್ನತ ನಿಲುವಿನಿಂದಾಗಿ ಅವಳಿಗೆ ಸತತ ಇಪ್ಪತ್ತೆರಡು ದಿನ ಗೈರುಹಾಜರಿ ಬಿತ್ತು. ಅದೇ ಅವಧಿಯಲ್ಲಿ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದ್ದ ನನ್ನ ಕೋಟು ಕಿಂಚಿತ್ತೂ ಮಿಸುಕದೆ ಪಾಠ ಕೇಳಿ, ಶೇಕಡಾ ತೊಂಬತ್ತೆಂಟರ ಏಕಾಗ್ರತೆಯೊಂದಿಗೆ ತರಗತಿಗೇ ಮೊದಲು ಬಂತು. ಅದರ ಹೆತ್ತವರಿಗೆಂದು ತಾವು ಕಳಿಸಿದ ಅಭಿನಂದನಾ ಪತ್ರವನ್ನು ದರ್ಜಿಯವರಿಗೆ ತಲುಪಿಸಿದ್ದೇನೆ; ಅವರು ಕಣ್ಣೊರೆಸಿಕೊಂಡರು. "ಮಗು ಇಲ್ಲೇ ಇದೆಯಲ್ಲಪ್ಪಾ, ನಿನ್ನ ಮೂಗಿನ ಕೆಳಗೇ!" ಎಂದು ಕೂಗಿದ ಚಿನಕುರುಳಿಯ ಅಜ್ಜಿಯನ್ನು ತಾವು ತಕ್ಷಣ ಮೂರನೇ ತರಗತಿಗೆ ದಾಖಲು ಮಾಡಿಕೊಂಡಿರಿ. ಅವರ ಮಗ್ಗಿ ಈಗ ಸುಧಾರಿಸಿದೆ.

ಆದರೆ ಹಾಜರಿ ಸಾಲದ ಹುಡುಗಿಯನ್ನು ಶಾಲೆ ಬಿಡಿಸಿ ಮನೆಯಲ್ಲೇ ಇರಿಸಬೇಕೆಂಬ ತಮ್ಮ ವರದಿ ಮೇಲಕ್ಕೆ ಹೋಯಿತು. ವಿಚಾರಣೆಗೆ ತಪಾಸಣಾಧಿಕಾರಿಗಳು ಬಂದರು. ಅವರೆದುರು ತಾವು ಅವಳಿಗೆ ಹೆಸರು ಹೇಳಲು ಮೂರು ಸೆಕೆಂಡು ದಯಪಾಲಿಸಿದಿರಿ. ನಾಲ್ಕು ಸಲ ಯತ್ನಿಸಿದಳು. ನಾಲ್ಕು ಸಲವೂ ಮೊದಲ ಅಕ್ಷರಕ್ಕೇ "ಸಮಯ ಮುಗಿಯಿತು" ಎಂದಿರಿ. ಐದನೇ ಸಲ ಅವಳು ತಮ್ಮ ಅಪ್ಪಣೆಗೆ ಕಾಯಲಿಲ್ಲ. ತಾವು ಕೋಟಿನ ಸಾಧನೆಯನ್ನು ಅಧಿಕಾರಿಗಳಿಗೆ ಬಣ್ಣಿಸುತ್ತಿದ್ದಷ್ಟು ಹೊತ್ತೂ ಬೆವರು ಸುರಿಸುತ್ತ ಒತ್ತಿದಳು. ಟ್ಯಾಬ್ ಹೇಳಿತು: "ಕೋಟು ಪಾಸು. ನಾನ್ಯಾಕೆ ಫೇಲು?"

ಅಧಿಕಾರಿಗಳು ನಕ್ಕರು. ಆಮೇಲೆ ನಗಲಿಲ್ಲ. ಮಕ್ಕಳ ಪುಟ್ಟ ಕುರ್ಚಿ ಎಳೆದುಕೊಂಡು ಅವಳೆದುರು ಕೂತು, "ಇನ್ನೇನಾದ್ರೂ ಹೇಳೋದಿದ್ಯಾ ಪುಟ್ಟಿ?" ಎಂದರು. ಅವಳು ಆರು ನಿಮಿಷ ಒಂದೊಂದೇ ಅಕ್ಷರ ಒತ್ತಿದಳು, ಅವರು ಕಾದರು. ಟ್ಯಾಬ್ ಹೇಳಿತು:

"ಕಾಯೋದು ಕಷ್ಟ ಅಲ್ವಾ ಸರ್?"

ಅವರು ಜೇಬಿನಿಂದ ಪೆನ್ನು ತೆಗೆದು ಇಪ್ಪತ್ತೆರಡೂ ದಿನಕ್ಕೆ ಕೈಯಾರೆ ಹಾಜರಿ ಹಾಕಿದರು. ಅವಳು ಶಾಲೆಯಲ್ಲೇ ಉಳಿದಳು.

ತಮ್ಮನ್ನು ಗೋಡೆಯಿಂದ ಇಳಿಸಲು ಮಾತ್ರ ತಮ್ಮದೇ ಒಪ್ಪಿಗೆ ಬೇಕಂತೆ. ಅದಕ್ಕಾಗಿ ಬೇಡುವ ಧೈರ್ಯ ನನಗಿಲ್ಲ. ಕಾಣುವುದರಲ್ಲಿ, ಕಾಯುವುದರಲ್ಲಿ ತಮಗೆ ತುಸು ತೊಂದರೆಯಿದೆ. ಅದು ತಮ್ಮ ತಪ್ಪಲ್ಲ. ಕಲಿಯಲು ಹೆಚ್ಚು ಹೊತ್ತು ಬೇಕಾದವರಿಗಾಗಿಯೇ ಈ ತರಗತಿ ಇದೆ. ದಯವಿಟ್ಟು ನಾಳೆಯಿಂದ ಕೆಳಗಿಳಿದು ಬಂದು ಹತ್ತನೆಯ ವಿದ್ಯಾರ್ಥಿಯಾಗಿ ಕೂರಬೇಕು. ಇಲ್ಲಿ ಯಾರನ್ನೂ ಮನೆಗೆ ಕಳಿಸುವುದಿಲ್ಲ.

ತಮ್ಮ ಒಂದು ಕಣ್ಣಿಗಾದರೂ ಬೀಳುವ ಭಾಗ್ಯ ಪಡೆದ,
ತಮ್ಮ ವಿಶ್ವಾಸಿ,
ಒಂಬತ್ತು ಮಕ್ಕಳ ಟೀಚರ್

ವಿ.ಸೂ.: ಚಿನಕುರುಳಿಯೂ ತಮಗೊಂದು ಪತ್ರ ಬರೆಯುತ್ತಿದ್ದಾಳೆ. ಒಂದು ವಾರದಲ್ಲಿ ಎರಡನೇ ಪುಟಕ್ಕೆ ಬಂದಿದ್ದಾಳೆ. ಅದರಲ್ಲಿ ಇದುವರೆಗೆ 'ಮಾನ್ಯರೇ' ಎಂಬ ಪದ ಕಂಡಿಲ್ಲ.