ಆರನೆಯದು ಮೊದಲು

ತಂಗಿ: ಆರನೆಯದನ್ನ ಮೊದಲು ಹಾಕಿ ಅಂದೆ, ಹಾಕಿ. ಅದರಲ್ಲಿ ಯೋಚನೆ ಮಾಡೋದೇನಿದೆ?

ಅಣ್ಣ: ಹಾಕಿದ್ರೆ ನೋಡಿ ಮತ್ತೆ! ಒಂದಾದ ಮೇಲೆ ಎರಡು, ಎರಡಾದ ಮೇಲೆ ಮೂರು. ಬೈಂಡರ್ರೇ, ಎಣಿಸೋದು ಕಲಿತಿದ್ದೀರಿ ತಾನೇ?

ಬೈಂಡರ್: ಕಲಿತಿದ್ದೆ ಸಾರ್. ಬೆಳಿಗ್ಗೆಯಿಂದ ನಿಮ್ಮಿಬ್ಬರ ಮಾತು ಕೇಳ್ತಾ ಕೇಳ್ತಾ ಮರೀತಾ ಇದೆ.

ಬೈಂಡರ್ ಸೂಜಿಗೆ ದಾರ ಪೋಣಿಸಿ ಮುಕ್ಕಾಲು ಗಂಟೆ ಆಗಿತ್ತು. ಪೋಣಿಸಿದ ಸೂಜಿ ಹಿಡಿದುಕೊಂಡು ಸುಮ್ಮನೆ ನಿಲ್ಲೋದು ಎಂಥ ಹಿಂಸೆ ಅಂತ ಆ ಕಸುಬಿನವರನ್ನೇ ಕೇಳಬೇಕು. ಅವನ ಮುಂದಿನ ಮೇಜಿನ ಮೇಲೆ ಏಳು ಹಳೇ ಪುಸ್ತಕಗಳಿದ್ದವು. ‘ಹನ್ನೆರಡನೇ ಮೆಟ್ಟಿಲು’ ಅಂತ ಮಕ್ಕಳ ಮಾಯಾಲೋಕದ ಕತೆ, ಏಳು ಭಾಗ. ರಟ್ಟು ಕಿತ್ತುಹೋಗಿ, ಬೆನ್ನು ಬಿಚ್ಚಿ, ಏಳೂ ಬರೀ ಹಾಳೆಯ ಕಂತೆಗಳಾಗಿದ್ದವು. ಏಳನ್ನೂ ಸೇರಿಸಿ ಒಂದೇ ಪುಸ್ತಕ ಮಾಡಿಕೊಡಿ ಅಂತ ಈ ಅಣ್ಣ ತಂಗಿ ಬಂದಿದ್ದರು. ಅಣ್ಣ ರೈಲಿನಲ್ಲಿ ಗಾರ್ಡ್ ಆಗಿದ್ದು ನಿವೃತ್ತಿಯಾದವನು. ತಂಗಿ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಹೆರಿಗೆ ಮಾಡಿಸಿದ ದಾದಿ. ಇಬ್ಬರ ತಲೆಯೂ ನೆರೆತಿತ್ತು, ನಾಲಿಗೆ ಮಾತ್ರ ಇನ್ನೂ ಹರೆಯದಲ್ಲೇ ಇತ್ತು.

ಬೈಂಡರ್: ನೋಡಿ, ಇನ್ನೊಂದು ಸಲ ಹೇಳಿಬಿಡ್ತೀನಿ. ಇದು ಹಳೇ ಕಾಗದ. ಒಂದು ಸಲ ಸೂಜಿ ತಡೆಯುತ್ತೆ, ಅಷ್ಟೇ. ಹೊಲಿದ ಮೇಲೆ ಅಯ್ಯೋ ತಪ್ಪಾಯ್ತು, ಬಿಚ್ಚಿ ಅಂದ್ರೆ ಅಂಚೆಲ್ಲ ಹರಿದು ಕೈಗೆ ಬರುತ್ತೆ. ಆಮೇಲೆ ನನ್ನ ಬಯ್ಯಬೇಡಿ.

ತಂಗಿ: ಅದಕ್ಕೇ ಹೇಳ್ತಿರೋದು. ಇರೋದು ಒಂದೇ ಅವಕಾಶ. ಸಂಜೆ ಆರಕ್ಕೆ ನನ್ನ ಮೊಮ್ಮಗಳು ಬರ್ತಾಳೆ, ರಜೆಗೆ. ಹತ್ತು ವರ್ಷ. ಪುಸ್ತಕ ಅಂದ್ರೆ ಮುಖ ಸಿಂಡರಿಸ್ತಾಳೆ. ಮೊದಲ ಹತ್ತು ಪುಟ ಹಿಡಿಸಿದ್ರೆ ಹಿಡಿಸಿತು. ಇಲ್ಲಾಂದ್ರೆ ಅವಳು ಈ ಜನ್ಮದಲ್ಲಿ ಪುಸ್ತಕ ಮುಟ್ಟಲ್ಲ.

ಅಣ್ಣ: ಅದಕ್ಕೇ ನಾನೂ ಹೇಳ್ತಿರೋದು! ಮೊದಲನೆಯದರಲ್ಲಿ ಮೊದಲು ಏನಾಗುತ್ತೆ? ಇಬ್ಬರು ಮಕ್ಕಳು ಅಜ್ಜಿ ಮನೇಲಿ ಮೆಟ್ಟಿಲು ಗುಡಿಸ್ತಾರೆ. ಇದ್ದದ್ದು ಹನ್ನೊಂದು ಮೆಟ್ಟಿಲು. ಆವತ್ತು ಎಣಿಸ್ತಾರೆ, ಹನ್ನೆರಡು! ಕಾಲಿಟ್ರೆ ಬೇರೆ ಲೋಕ! ಆ ಮೆಟ್ಟಿಲು ಎಲ್ಲಿಂದ ಬಂತು ಅನ್ನೋ ಗುಟ್ಟು ಐದು ಪುಸ್ತಕ ಕಾದಮೇಲೆ ಆರನೆಯದರಲ್ಲಿ ಬಿಚ್ಚುತ್ತೆ. ಇವಳು ಅದನ್ನೇ ತಂದು ಬಾಗಿಲಲ್ಲಿ ಇಡ್ತಾಳಂತೆ. ಕೂಸು ಹುಟ್ಟೋಕೆ ಮುಂಚೆ ಕುಲಾವಿ!

ತಂಗಿ: ಕೂಸು ಹುಟ್ಟಿಸೋ ವಿಷಯ ನನಗೆ ಹೇಳಬೇಡ, ಅಣ್ಣ. ಆ ಲೋಕದ ರಾಜ ಒಂದು ಆಮೆ. ಅದು ಮೊಟ್ಟೆಯಿಂದ ಹೊರಗೆ ಬರೋದೇ ಆರನೆಯದರಲ್ಲಿ. ಒಂದನೆಯದಕ್ಕೆ ಬರೋ ಹೊತ್ತಿಗೆ ಅದಕ್ಕೆ ಮುನ್ನೂರು ವರ್ಷ. ಮುದುಕನ್ನ ಮೊದಲು ತೋರಿಸಿ, ಕೂಸನ್ನ ಆಮೇಲೆ ತೋರಿಸ್ತಾರಾ ಯಾರಾದ್ರೂ?

ಅಣ್ಣ: ತೋರಿಸ್ತಾರೆ! ನೀನು ಅಜ್ಜನ್ನ ಮೊದಲು ನೋಡಿದ್ದು ಮುದುಕನಾಗಿದ್ದಾಗಲೇ ತಾನೇ? ಆ ಅಜ್ಜನೂ ಒಂದು ಕಾಲಕ್ಕೆ ಚಡ್ಡಿ ಹಾಕ್ಕೊಂಡು ಗೋಲಿ ಆಡ್ತಿದ್ದ ಅಂತ ಆಮೇಲೆ ಗೊತ್ತಾದಾಗಲೇ ನಗು ಬಂದಿದ್ದು.

ಬೈಂಡರಿಗೆ ಇದು ನ್ಯಾಯ ಅನ್ನಿಸಿತು. ಆದರೆ ಒಂದು ನಿಮಿಷದ ಹಿಂದೆ ತಂಗಿಯ ಮಾತೂ ಹಾಗೇ ಅನ್ನಿಸಿತ್ತು. ಅವನದು ಅದೊಂದು ದೌರ್ಬಲ್ಯ, ಕೊನೆಗೆ ಯಾರು ಮಾತಾಡಿದರೋ ಅವರೇ ಸರಿ.

ತಂಗಿ: ಬೈಂಡರ್ರೇ, ನೀವೇ ಹೇಳಿ. ನೀವು ಓದಿದ್ದೀರಾ ಇದನ್ನ?

ಬೈಂಡರ್: ನಾನು ಓದಲ್ಲ ಅಮ್ಮಾ, ಹೊಲೀತೀನಿ. ದರ್ಜಿ ಗಿರಾಕಿ ಬಟ್ಟೆನೆಲ್ಲ ತಾನು ಹಾಕ್ಕೊಂಡು ನೋಡ್ತಾನಾ?

ಅಣ್ಣ: ಒಳ್ಳೇದಾಯ್ತು. ಹಾಗಾದ್ರೆ ನಂಬರ್ ಪ್ರಕಾರ ಜೋಡಿಸಿ. ರೈಲಿನ ಡಬ್ಬಿಗಳ ಹಾಗೆ.

ತಂಗಿ: ಗಾರ್ಡ್ ಆದವನು ಜೀವಮಾನ ಪೂರ್ತಿ ಕೊನೇ ಡಬ್ಬೀಲಿ ಕೂತವನು. ಇಂಜಿನ್ ಎಲ್ಲಿರಬೇಕು ಅಂತ ನಿನಗೇನು ಗೊತ್ತು?

ಅಣ್ಣನ ಮೂಗಿನ ತುದಿ ಕೆಂಪಾಯಿತು. ಬೈಂಡರ್ ಜಗಳ ಆರಿಸೋಣ ಅಂತ ಹೊರಟ. ಪಾಪ, ಬೆಂಕಿ ಆರಿಸೋಕೆ ಹೋಗಿ ಎಣ್ಣೆ ಸುರಿದ.

ಬೈಂಡರ್: ಸರಿ, ಆರನೆಯದರ ತಂಟೆ ಆಮೇಲೆ. ಮೂರನೆಯದು ಮೂರನೆಯದಾಗೇ ಇರುತ್ತೆ ತಾನೇ? ಅದರ ಬಗ್ಗೆ ಜಗಳ ಇಲ್ಲವಲ್ಲ?

ತಂಗಿ: ಅಲ್ಲೇ ಇರೋದು! ಒಂದನೇ ಪುಸ್ತಕದ ಎಂಟನೇ ಅಧ್ಯಾಯದಲ್ಲಿ ಮಕ್ಕಳು ಒಂದು ರಾತ್ರಿ ಮಲಗ್ತಾರೆ. ಮೂರನೇ ಪುಸ್ತಕದ ಕತೆ ಪೂರ್ತಿ ಆ ಒಂದೇ ರಾತ್ರೀಲಿ ನಡೆಯುತ್ತೆ. ಒಂದನೆಯದನ್ನ ಎಂಟನೇ ಅಧ್ಯಾಯದಲ್ಲಿ ಕೊಯ್ದು, ಮೂರನೆಯದನ್ನ ಒಳಗಿಟ್ಟು ಹೊಲಿದುಬಿಡಿ.

ಬೈಂಡರ್: ಕೊಯ್ದು?!

ಅಣ್ಣ: ನೋಡಿದ್ರಾ? ಹೊಟ್ಟೆ ಕೊಯ್ಯೋ ಅಭ್ಯಾಸ ಎಲ್ಲಿ ಹೋಗುತ್ತೆ!

ತಂಗಿ: ಕೊಯ್ದಿದ್ದು ಡಾಕ್ಟರು. ನಾನು ಹೊರಗೆ ತೆಗೆದೆ ಅಷ್ಟೇ.

ಬೈಂಡರ್: ಅಮ್ಮಾ, ನಿಮ್ಮ ಕಾಲಿಗೆ ಬೀಳ್ತೀನಿ. ಕೊಯ್ಯೋ ಮಾತು ಬೇಡ. ಅಷ್ಟು ಕಷ್ಟ ಆದ್ರೆ ಏಳನ್ನೂ ಬೇರೆ ಬೇರೆ ಮಾಡಿಕೊಡ್ತೀನಿ. ಯಾರಿಗೆ ಯಾವುದು ಮೊದಲು ಬೇಕೋ ಅದನ್ನ ಓದ್ಕೊಳ್ಳಿ. ಇಬ್ಬರಿಗೂ ನೆಮ್ಮದಿ.

ಅಣ್ಣ ಗೋಡೆ ನೋಡಿದ, ತಂಗಿ ಚೀಲದ ಹಿಡಿ ನೋಡಿದಳು.

ಅಣ್ಣ: ಬೇರೆ ಬೇರೆ ಆಗಿದ್ದು ಸಾಕು.

ಬೈಂಡರ್: ಅಂದ್ರೆ?

ತಂಗಿ: ಹನ್ನೊಂದು ವರ್ಷದ ಹಿಂದೆ ಅಪ್ಪನ ಮನೆ ಪಾಲಾಯ್ತು. ಪಾತ್ರೆ, ಮಂಚ, ಬೀರು ಎಲ್ಲ ಹಂಚಿದ್ವಿ. ಇದನ್ನೂ ಹಂಚಿಬಿಟ್ವಿ. ಒಂದು, ಮೂರು, ಐದು, ಏಳು ಇವನಿಗೆ. ಎರಡು, ನಾಲ್ಕು, ಆರು ನನಗೆ.

ಬೈಂಡರ್: ಒಂದೇ ಕತೇನ? ಮಧ್ಯೆ ಮಧ್ಯೆ ಕಿತ್ತು?

ಅಣ್ಣ: ಅವತ್ತು ಕೋಪ ಬಂದಿತ್ತು ರೀ. ಬುದ್ಧಿ ಇತ್ತಾ? ಹನ್ನೊಂದು ವರ್ಷ ನನ್ನ ಕಪಾಟಿನಲ್ಲಿ ಮೂರಾದ ಮೇಲೆ ಐದು. ಓದೋಕೆ ಕೂತ್ರೆ ಸಿಟ್ಟು ಬರೋದು. ಅವಳ ಮನೆ ಎರಡೇ ಬೀದಿ ಆಚೆ, ಹೋಗಿ ಕೇಳೋಕೆ ಬಿಗುಮಾನ. ಮೊನ್ನೆ ಅವಳೇ ಫೋನ್ ಮಾಡಿ, ಮೊಮ್ಮಗಳು ಬರ್ತಾಳೆ, ನಿನ್ನ ನಾಲ್ಕು ತಗೊಂಡು ಬೈಂಡರ್ ಅಂಗಡಿಗೆ ಬಾ ಅಂದ್ಲು. ಹೆಂಡತಿ ಮಕ್ಕಳು ಅಂತ ನನಗ್ಯಾರೂ ಇಲ್ಲ. ಆ ಮಗೂನ ನಾನು ನೋಡಿರೋದೇ ಎರಡು ಸಲ. ಈ ಪುಸ್ತಕ ಅವಳಿಗೆ ಹಿಡಿಸಿದ್ರೆ ನಾನೂ ಒಂಚೂರು ಹಿಡಿಸಬಹುದು ಅಂತ ಆಸೆ. ಅದಕ್ಕೇ ಸರಿಯಾಗಿ ಶುರುವಾಗಲಿ ಅಂತ ಬಡ್ಕೊಳ್ತಿರೋದು!

ಕಣ್ಣಲ್ಲಿ ನೀರು ಬಂದುಬಿಡುತ್ತೇನೋ ಅಂತ ಹೆದರಿ ಅವನು ಕೊನೆಯ ಮಾತನ್ನ ಗದರಿಸಿಯೇ ಹೇಳಿದ. ಬೈಂಡರಿಗೆ ಅಯ್ಯೋ ಅನ್ನಿಸಿತು. ಒಂದನೆಯ ಕಂತೆ ಎತ್ತಿಕೊಂಡ.

ತಂಗಿ: ಅದನ್ನ ಕೆಳಗಿಡಿ! ಅಣ್ಣ, ನನಗೂ ಆಸೆ ಇಲ್ವಾ? ಆದ್ರೆ ಆರನೆಯದು ಮೊದಲು ಅನ್ನೋದು ನನ್ನ ಮಾತಲ್ಲ, ಅಪ್ಪನ ಮಾತು. ನನಗೆ ಮಂಗನಬಾವು ಬಂದು ಮಲಗಿದ್ದಾಗ, ಅವಳು ಇದರಿಂದ ಶುರು ಮಾಡಲಿ ಅಂತ ಅಪ್ಪಾನೇ ಹೇಳಿ ಕಳಿಸಿದ್ರು. ನೀನೇ ತಂದುಕೊಟ್ಟೆಯಲ್ಲ!

ಅಣ್ಣ: ಅಪ್ಪ ಹೇಳಿರಲಿಲ್ಲ.

ತಂಗಿ: ಏನು?

ಅಣ್ಣ: ಅಪ್ಪ ಇದರ ಒಂದು ಪುಟಾನೂ ಓದಿದವರಲ್ಲ. ಒಂದನೆಯದನ್ನ ನಾನು ಪಕ್ಕದ್ಮನೆ ಹುಡುಗನಿಗೆ ಕೊಟ್ಟು ಅವನ ಸೀಟಿ ತಗೊಂಡಿದ್ದೆ. ನೀನು ಕೆನ್ನೆ ಊದಿಸ್ಕೊಂಡು ಪುಸ್ತಕ ಪುಸ್ತಕ ಅಂತ ಸನ್ನೆ ಮಾಡ್ತಿದ್ದೆ. ಕೈಗೆ ಸಿಕ್ಕಿದ್ದು ಆರನೆಯದು. ನಂಬರ್ ಮೇಲೆ ಮಸಿ ಬಳಿದು ಕೊಟ್ಟೆ. ನೀನು ನಂಬಲಿ ಅಂತ ಅಪ್ಪನ ಹೆಸರು ಹೇಳಿದೆ. ಸೀಟಿ ವಾಪಸು ಕೊಟ್ಟು ಒಂದನೆಯದನ್ನ ತರೋ ಹೊತ್ತಿಗೆ ನೀನು ಆಗಲೇ ಏಳನೆಯದರಲ್ಲಿದ್ದೆ.

ಬೈಂಡರ್ ಸೂಜಿಯನ್ನ ಮೆಲ್ಲಗೆ ಕೆಳಗಿಟ್ಟ. ಇನ್ನು ಆಗೋದೆಲ್ಲ ಕೈ ಕೈ ಮಿಲಾಯಿಸೋದೇ ಅಂತ ಅವನ ಅಂದಾಜು. ಅಲ್ಲಿ ಚೂಪಾದ ವಸ್ತು ಬೇಡ ಅಂತ ಕತ್ತರಿಯನ್ನೂ ದೂರ ಸರಿಸಿದ.

ತಂಗಿ: ಐವತ್ತು ವರ್ಷ! ಐವತ್ತು ವರ್ಷ ಅಪ್ಪನ ಮಾತು ಅಂತ ತಲೆ ಮೇಲೆ ಹೊತ್ಕೊಂಡು ಎಲ್ಲರ ಹತ್ರ ವಾದ ಮಾಡಿದ್ದೀನಿ. ಕಡೆಗೆ ನೋಡಿದ್ರೆ ಇದು ನಿನ್ನ ಸುಳ್ಳು! ಬೈಂಡರ್ರೇ, ಒಂದನೆಯದನ್ನೇ ಮೊದಲು ಹಾಕಿ. ಇವನ ಸುಳ್ಳನ್ನ ನನ್ನ ಮೊಮ್ಮಗಳಿಗೆ ದಾಟಿಸಲ್ಲ ನಾನು.

ಬೈಂಡರ್: ಅಬ್ಬ! ಬಗೆಹರೀತು. ಸಾರ್, ಹಾಗಾದ್ರೆ ಒಂದನೆಯದು...

ಅಣ್ಣ: ತಡೀರಿ. ನಿನಗೆ ಆವಾಗ ಅಷ್ಟೊಂದು ಹಿಡಿಸಿತ್ತಾ ಅದು?

ತಂಗಿ: ಹಿಡಿಸದೆ? ಹತ್ತು ದಿನ ಮಾತಾಡೋ ಹಾಗಿರಲಿಲ್ಲ, ನುಂಗೋ ಹಾಗಿರಲಿಲ್ಲ. ಆ ಪುಸ್ತಕ ಇರದಿದ್ರೆ ಅತ್ತೂ ಅತ್ತೂ ಸಾಯ್ತಿದ್ದೆ. ನನಗೆ ಓದೋ ಹುಚ್ಚು ಹಿಡಿಸಿದ್ದೇ ಅದು. ಅಪ್ಪ ಹಿಡಿಸಿದ್ರು ಅಂದ್ಕೊಂಡಿದ್ದೆ. ನೀನು ಅಂತ ಗೊತ್ತಿರಲಿಲ್ಲ.

ಅಣ್ಣ: ಬೈಂಡರ್ರೇ, ಆರನೆಯದನ್ನ ಮೊದಲು ಹಾಕಿ.

ತಂಗಿ: ಬೇಡ, ಒಂದನೆಯದು!

ಅಣ್ಣ: ಆರನೆಯದು ಅಂದ್ರೆ ಆರನೆಯದು! ಅದು ನಾನು ಮಾಡಿದ ಕ್ರಮ ಕಣೇ. ಐವತ್ತು ವರ್ಷ ಬಾಳಿದೆ. ಅದನ್ನ ಬಿಟ್ಟುಕೊಡಲ್ಲ.

ತಂಗಿ: ಸುಳ್ಳಿನ ಕ್ರಮ!

ಅಣ್ಣ: ಗುಣ ಕೊಟ್ಟಿದೆಯಲ್ಲ! ಔಷಧಿ ಯಾರು ಕೊಟ್ರೆ ಏನು?

ಬೈಂಡರ್ ತಲೆ ಮೇಲೆ ಕೈ ಹೊತ್ತು ಮುಕ್ಕಾಲಿ ಮೇಲೆ ಕುಕ್ಕರಿಸಿದ. ಎತ್ತು ಏರಿಗೆ, ಕೋಣ ನೀರಿಗೆ ಅನ್ನೋದನ್ನ ಅವನು ಕೇಳಿದ್ದ. ಆದರೆ ನಡುದಾರಿಯಲ್ಲಿ ಎತ್ತು ನೀರಿಗೆ ಬಂದು, ಕೋಣ ಏರಿಗೆ ಹೋಗಿದ್ದನ್ನ ಇವತ್ತೇ ನೋಡಿದ್ದು.

ಬೈಂಡರ್: ಇಬ್ಬರೂ ಎರಡನ್ನೂ ಹೇಳಿ ಆಯ್ತು. ಬೇರೆ ಹೇಳೋಕೆ ಏನೂ ಉಳಿದಿಲ್ಲ. ಸಾರ್, ನಿಮ್ಮ ಒಂದನೆಯದು ಶುರುವಾಗೋದು ಹೇಗೆ? ಮೊದಲನೇ ವಾಕ್ಯ ಹೇಳಿ.

ಅಣ್ಣ: ಅದು... ಏನೋ ಧೂಳು ಅಂತ ಬರುತ್ತೆ. ಪೊರಕೆ ಅಂತಾನೂ ಇದೆ. ಬಾಯಲ್ಲೇ ಇದೆ ರೀ, ಬರ್ತಿಲ್ಲ.

ಬೈಂಡರ್: ಅಮ್ಮಾ, ಆರನೆಯದು?

ತಂಗಿ ಚೀಲ ತೊಡೆಯ ಮೇಲಿಟ್ಟುಕೊಂಡಳು. ಕಂತೆಯ ಕಡೆ ತಿರುಗಿಯೂ ನೋಡಲಿಲ್ಲ.

ತಂಗಿ: ‘ಹನ್ನೊಂದು ಮೆಟ್ಟಿಲು ಕಟ್ಟಿ ಮುಗಿಸಿದ ಬಡಗಿಯ ಹತ್ತಿರ ಒಂದು ಹಲಗೆ ಉಳಿಯಿತು. ಒಲೆಗೆ ಹಾಕೋಣವೆಂದು ಕೊಡಲಿ ಎತ್ತಿದ. ಹಲಗೆ ಕೆಮ್ಮಿತು.’

ಬೈಂಡರ್: ಆಮೇಲೆ?

ಬೈಂಡರ್ ಮುಕ್ಕಾಲಿಯನ್ನ ಮುಂದಕ್ಕೆ ಎಳೆದುಕೊಂಡ.

ಬೈಂಡರ್: ಅಲ್ಲ, ಕೆಮ್ಮಿದ ಮೇಲೆ ಅವನು ಕೊಡಲಿ ಇಳಿಸಿದ್ನಾ, ಇಲ್ವಾ? ಹೇಳಿ ಅಮ್ಮಾ!

ಅಣ್ಣ ತಂಗಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಇಬ್ಬರಿಗೂ ಒಟ್ಟಿಗೇ ನಗು ಬಂತು. ಬೈಂಡರ್ ಬೆಪ್ಪಾದ. ಆರನೆಯ ಕಂತೆಯನ್ನ ಎಳೆದುಕೊಂಡು, ಯಾರನ್ನೂ ಕೇಳದೆ, ಮೊದಲ ಹೊಲಿಗೆ ಹಾಕಿಯೇಬಿಟ್ಟ. ಇಬ್ಬರಲ್ಲಿ ಒಬ್ಬರೂ ಬೇಡ ಅನ್ನಲಿಲ್ಲ.

ಉಳಿದ ಆರೂ ನಂಬರ್ ಪ್ರಕಾರ ಅದರ ಹಿಂದೆ ಸೇರಿ, ಹೊಲಿಗೆ ಮುಗಿಯೋ ಹೊತ್ತಿಗೆ ಮಧ್ಯಾಹ್ನ ಎರಡಾಯಿತು. ತಂಗಿ ಅಲ್ಲೇ ಕೂತು ಸೂಜಿಗೆ ದಾರ ಪೋಣಿಸಿ ಕೊಟ್ಟಳು, ಅಣ್ಣ ಒತ್ತುಯಂತ್ರದ ಹಿಡಿ ತಿರುಗಿಸಿದ. ಅವನು ಗಡಿಯಾರ ನೋಡಿದಾಗಲೆಲ್ಲ ಅವಳು ಬಯ್ದಳು. ಗೋಂದು ಒಣಗಿ, ಹಸಿರು ಬಟ್ಟೆಯ ರಟ್ಟು ಕೂತು, ಐದೂವರೆಗೆ ಪುಸ್ತಕ ತಯಾರಾಯಿತು. ಚೆನ್ನಾಗೇ ಬಂದಿತ್ತು. ಅಣ್ಣ ಖುಷಿಯಿಂದ ಒಂದು ಕೈಯಲ್ಲಿ ಎತ್ತೋಕೆ ಹೋದ. ಕೈ ಮೇಜಿಗೇ ವಾಪಸು ಬಂತು.

ಅಣ್ಣ: ಅಮ್ಮಮ್ಮಾ! ಏನಿದು, ರುಬ್ಬೋ ಕಲ್ಲಾ?

ತಂಗಿ: ಅಯ್ಯೋ ಅಣ್ಣ! ಸಾವಿರದ ನಾನೂರು ಪುಟ! ಯಾವುದು ಮೊದಲು ಅಂತ ಬಡಿದಾಡಿದ್ವಿ, ಎತ್ತೋದು ಹೇಗೆ ಅಂತ ಇಬ್ಬರಲ್ಲಿ ಒಬ್ಬರಾದ್ರೂ ಯೋಚಿಸಿದ್ವಾ? ಆ ಮಗೂಗೆ ತೋಳು ಇಷ್ಟಿಷ್ಟೇ ಇದೆ. ಬೈಂಡರ್ರೇ, ನಿಮಗೆ ಗೊತ್ತಿರಲಿಲ್ವಾ? ಮೊದಲೇ ಯಾಕೆ ಹೇಳಲಿಲ್ಲ?

ಬೈಂಡರ್: ಗೊತ್ತಿತ್ತು ಅಮ್ಮಾ. ಹೇಳಿದ್ರೆ ಅದಕ್ಕೊಂದು ಬೇರೆ ಜಗಳ. ಈಗ ಒಬ್ಬರ ಕೈಲಿ ಆಗದ ಪುಸ್ತಕ ಇದು. ಮಗೂನ ಮಧ್ಯೆ ಕೂರಿಸ್ಕೊಂಡು ಆಚೆ ರಟ್ಟು ಒಬ್ಬರು, ಈಚೆ ರಟ್ಟು ಒಬ್ಬರು ಹಿಡ್ಕೊಳ್ಳಿ. ಬೇರೆ ದಾರಿ ಇಲ್ಲ.

ಅಣ್ಣ ಹೊಸ ರಟ್ಟಿನ ಮೇಲೆ ಇಲ್ಲದ ಧೂಳು ಒರೆಸಿದ. ಹನ್ನೊಂದು ವರ್ಷ ಹೇಳದ ಮಾತು, ಸುಲಭಕ್ಕೆ ಹೊರಗೆ ಬರಲಿಲ್ಲ.

ಅಣ್ಣ: ನಾನು ನಿನ್ನ ಮನೆಗೆ... ಬರಬಹುದಾ?

ತಂಗಿ: ಕೇಳ್ತಾನೆ ನೋಡಿ! ನಾನೊಬ್ಬಳೇ ಇದನ್ನ ಹಿಡಿದು ಕೂರಲಾ?

ಅಣ್ಣ: ಹಾಗಾದ್ರೆ ಬಲಗಡೆ ನಾನು ಕೂರ್ತೀನಿ. ಶುರುವಿನಲ್ಲಿ ಭಾರವೆಲ್ಲ ಬಲಗಡೆ ಇರುತ್ತೆ. ಓದ್ತಾ ಓದ್ತಾ ಹಾಳೆ ನಿನ್ನ ಕಡೆ ಬರುತ್ತೆ.

ತಂಗಿ: ಮಗು ನಿಧಾನಕ್ಕೆ ಓದ್ತಾಳೆ ಅಣ್ಣ. ರಜೆ ಪೂರ್ತಿ ಹಿಡಿಯುತ್ತೆ. ಅಷ್ಟೂ ದಿನ ಬರ್ತೀಯಾ?

ಅಣ್ಣ: ಭಾರ ಪೂರ್ತಿ ನಿನ್ನ ಕಡೆ ಬರೋವರೆಗೂ ಬರ್ತೀನಿ.

ತಂಗಿ ಕಣ್ಣೊರೆಸಿಕೊಂಡಳು. ಒರೆಸಿಕೊಳ್ಳುತ್ತಾ ಇದ್ದವಳು ಥಟ್ಟನೆ ಕೈ ಇಳಿಸಿದಳು.

ತಂಗಿ: ಅಂದ್ರೆ ಕೊನೆಗೆ ಭಾರ ಹೊರೋಳು ನಾನೇ ಅನ್ನು!