ಹಲಗಿ, ಏಕತಾರಿ ಮತ್ತು ಹಿಡಿಯಲಾಗದ ಮಳೆ

ಹೇಳ್ರಿ ನೋಡೋಣ, ಬರಗಾಲದ ವರ್ಷ ಊರ ನಡುವೆ ನಿಂತು ಹಲಗಿ ಬಾರಿಸಿದರೆ ಏನಾಗ್ತದ? ಮದುವಿ ಅಂದ್ಕೊಂಡು ಮಂದಿ ಸೇರ್ತಾರ ಅಂದ್ರೇನು? ಅಲ್ಲ. ಇನ್ನೊಮ್ಮೆ ವಿಚಾರ ಮಾಡ್ರಿ. ಅಷ್ಟರೊಳಗೆ ನನ್ನ ಪರೇಶಾನಿ ಹೇಳಿಬಿಡುತ್ತೇನೆ.

ನಾನು ಭಾಲ್ಕಿಯ ಕಾಲೇಜೊಂದರಲ್ಲಿ ಇತಿಹಾಸ ಕಲಿಸಿ ನಿವೃತ್ತನಾದವನು. ಬೀದರಿನ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಅಳಿಯ ರೆಕಾರ್ಡಿಂಗ್ ಸ್ಟುಡಿಯೋ ಇಟ್ಟಿದ್ದ. ನಮ್ಮ ಕಡೆಯ ವಾದ್ಯ, ಹಕ್ಕಿ, ಗಾಳಿ, ಮಳೆ, ಹೀಗೆ ಒಂದೊಂದರ ದನಿಯನ್ನೂ ಬಿಡಿಯಾಗಿ ಹಿಡಿದು ಕಂಪ್ಯೂಟರಿಗೆ ತುಂಬುವುದು ಅವನ ಕೆಲಸ. ಆಮೇಲೆ ಹಾರ್ಮೋನಿಯಮ್ಮಿನಂಥ ಕೀಬೋರ್ಡ್ ಒತ್ತಿದರೆ ಹಲಗಿ ಬೇಕಂದರೆ ಹಲಗಿ, ಗಾಳಿ ಬೇಕಂದರೆ ಗಾಳಿ. ಮುಂಬೈಯಲ್ಲಿ ಹಿನ್ನೆಲೆ ಸಂಗೀತ ಮಾಡುವ ಒಬ್ಬರು ಇಂಥ ದನಿಗಳದೊಂದು ಗಂಟು ಕೇಳಿದ್ದರು. ಅವರು ಒಪ್ಪಿದರೆ ಸ್ಟುಡಿಯೋ ಉಳಿಯುತ್ತದೆ. ಒಪ್ಪದಿದ್ದರೆ, ಓಣಿಯ ಅರ್ಧ ಮಂದಿ ಬೀಗ ಹಾಕಿ ಹೋದಂತೆ, ಅಳಿಯನೂ ನನ್ನ ಮಗಳನ್ನು ಕರಕೊಂಡು ಪುಣೆಗೆ. ನನಗೆ ಊಟ ಸೇರಲಿಲ್ಲ. ಮೈಕಿನ ಡಬ್ಬಿ ಹೊತ್ತು ಅವನ ಹಿಂದೆ ಹೊರಟೇಬಿಟ್ಟೆ. ಹೊರಟ ಮೇಲೆ ಹೋದಲ್ಲೆಲ್ಲ ಒಂದಿಲ್ಲೊಂದು ಆಗುತ್ತಲೇ ಇತ್ತು.

ಎಕಂಬಾದಲ್ಲಿ ಹಲಗಿ

ಔರಾದ ಬಸ್ಸಿಳಿದು ಎಕಂಬಾಕ್ಕೆ ಹೋದೆವು. ಹಲಗಿ ಬಾರಿಸುವ ಕಾಕಾ ಬೆಂಕಿಗೆ ಹಿಡಿದು ಚರ್ಮ ಕಾಸಿಕೊಂಡರು. ಅಳಿಯ ಹೇಳಿದ, “ಮೊದಲ ಮೆಲ್ಲಕ ಒಂದು ಪೆಟ್ಟು ಹಾಕ್ರಿ ಕಾಕಾ. ಆಮ್ಯಾಲ ಊರಿಗೆಲ್ಲ ಕೇಳೋ ಹಂಗ ಬಾರಿಸ್ರಿ.”

ಕಾಕಾ ತಡವರಿಸಿದರು. “ಊರಿಗೆಲ್ಲ ಕೇಳೋ ಹಂಗ ಬಾರ್ಸೋದು ಈಗ ಒಂದಕ್ಕೇರಿ. ಅದು ಏನಂದ್ರ...”

“ಅದನ್ನೇ ಬಾರಿಸ್ರಿ!” ಅಂದ ಅಳಿಯ, ಪೂರ್ತಿ ಕೇಳದೆ.

ಬಾರಿಸಿದರು. ನಾಲ್ಕು ಸಂದಿಗಳಿಂದಲೂ ಹೆಂಗಸರು ಕೊಡ ಹಿಡಿದು ಓಡಿಬಂದರು. ನೀರಿನ ಟ್ಯಾಂಕರ್ ಬಂತು ಅಂತ ಡಂಗುರ ಹೊಡೆಯುವ ಪೆಟ್ಟು ಅದು! ನಾನು ಮೈಕಿನ ಡಬ್ಬಿ ಎದೆಗವಚಿಕೊಂಡೆ. ಎಲ್ಲರಿಗಿಂತ ಮುಂದಿದ್ದ ಮುದುಕಿ ಮೈಕಿನ ಸ್ಟ್ಯಾಂಡಿನ ಕೆಳಗೇ ಕೊಡ ಇಟ್ಟಳು. “ಇದೇನ್ರಿ ನಳ? ತಿರುವೋದು ಎಲ್ಲದ?”

“ಇದು ನೀರು ಕೊಡೋದಲ್ಲಬೇ, ದನಿ ತೊಗೊಳ್ಳೋದು,” ಅಂದೆ, ಹಿಂದಕ್ಕೆ ಸರಿಯುತ್ತ.

“ಅಯ್ಯ ನಿಮ್ಮ! ಇದೂ ತೊಗೊಂಡು ಹೋಗೋದೇ ಏನು?”

ಭಾಲ್ಕಿಯ ಏಕತಾರಿ

ಭಾಲ್ಕಿಯಲ್ಲಿ ಭಜನೆ ಹಾಡುವ ವಯಸ್ಸಾದ ಮುತ್ಯಾ ಒಬ್ಬರು ಏಕತಾರಿ ತೆಗೆದುಕೊಂಡು ಕೂತರು. ಒಂದೊಂದು ಸಲ ತಂತಿ ಮೀಟುವುದು, ನಾದ ಆರುವ ತನಕ ಸುಮ್ಮನಿರುವುದು, ಇಷ್ಟೇ ಕರಾರು. ಮುತ್ಯಾ ಮೀಟಿದರು, ಮೆಲ್ಲಗೆ “ಶರಣು” ಅಂದರು.

“ಮುತ್ಯಾ, ಮಾತಾಡಬ್ಯಾಡ್ರಿ.”

“ನಾ ಎಲ್ಲಿ ಮಾತಾಡಿದೆನೋ?” ಮೀಟಿದರು. “ಶರಣು.”

“ಅದೇ ರೀ, ಆ ಶರಣು...”

“ತಂತಿ ಮುಟ್ಟಿ ಅಷ್ಟೂ ಅನ್ನದಿದ್ರ ಕೈ ಹ್ಯಾಂಗ ಏಳಬೇಕು ತಮ್ಮಾ?”

ಆಮೇಲೆ ಕತ್ತರಿಸಿದರಾಯಿತು ಅಂತ ಮನೆಗೆ ಬಂದೆವು. ನಾದ ಮತ್ತು ಶರಣು ಹಾಲು ಸಕ್ಕರೆಯಂತೆ ಬೆರೆತಿದ್ದವು, ಬೇರೆ ಆಗಲೊಲ್ಲವು. ಅಳಿಯ ಗಾಬರಿಯಿಂದ ಕೀಬೋರ್ಡಿನ ಈ ತುದಿಯಿಂದ ಆ ತುದಿಗೆ ಬೆರಳು ಓಡಿಸಿದ. ಶರಣು, ಶರಣು, ಶರಣು, ದಪ್ಪ ದನಿಯಿಂದ ಸಣ್ಣ ದನಿಯ ತನಕ!

ಅಡುಗೆಮನೆಯಿಂದ ನನ್ನಾಕೆ ಕೂಗಿದಳು, “ಯಾರೋ ಬಂದಾರ ನೋಡ್ರಿ, ಭಾಳ ಮಂದಿ ಅದಾರ. ಎಷ್ಟು ಕಪ್ ಚಹಾ ಇಡ್ಲಿ?”

ಕಡೆಗೆ ಮಳೆ

ಮುತ್ಯಾರ ಬಾಯಿಗೆ ಎಲೆ ಅಡಿಕೆ ಕೊಟ್ಟು ಏಕತಾರಿ ಮತ್ತೆ ಹಿಡಿದೆವು. ಉಳಿದದ್ದು ಮಳೆ. ಮುಂಬೈಯವರು ಒಣನೆಲಕ್ಕೆ ಬೀಳುವ ಮೊದಲ ಮಳೆಯೇ ಬೇಕಂದಿದ್ದರು. ಆಕಾಶ ನೋಡಿದರೆ ತೊಳೆದಿಟ್ಟ ತಾಟಿನಂತಿತ್ತು. ತಗಡಿನ ಮೇಲೆ ತೊಗರಿಬೇಳೆ ಸುರಿದು ನೋಡಿದೆವು. ಪಾರಿವಾಳ ಬಂದು ಮಳೆಯನ್ನೇ ತಿಂದುಹೋದವು. ಅತ್ತ ಮಗಳು ಅಟ್ಟದಿಂದ ಟ್ರಂಕು ಇಳಿಸಿ ಸೀರೆ ಮಡಚತೊಡಗಿದಳು. ಒಂದೊಂದು ಮಡಿಕೆಗೂ ನಾನು ಅಂಗಳಕ್ಕೆ ಬಂದು ಆಕಾಶ ನೋಡುತ್ತಿದ್ದೆ.

ಒಂದು ಬೆಳಿಗ್ಗೆ, ಅದೃಷ್ಟ ನೋಡ್ರಿ, ಮೋಡ ಕಟ್ಟಿತು. ಅಳಿಯ ಅಂಗಳದಲ್ಲಿ ಮೈಕ್ ಹೂಡಿದ. ಮೊದಲ ಹನಿ ಬಿದ್ದದ್ದೇ ತಡ, ನನ್ನಾಕೆ ಮನೆಯ ಹಂಡೆ, ಕೊಡ, ಬೋಗುಣಿ, ಪರಾತ, ಡಬ್ಬಿ ಎಲ್ಲ ತಂದು ಸೂರಿನ ಕೆಳಗೆ ಸಾಲಾಗಿ ಇಟ್ಟಳು. ಠಣ್, ಡುಬ್, ಟಿಣ್ ಟಿಣ್!

“ಅತ್ತಿ, ತೆಗೀರಿ! ಮಳಿ ಕೆಡ್ಲತ್ತದ!”

“ಮಳಿ ಕೆಡ್ತದಂತ! ನಿಮ್ಮ ಮೈಕಿಗಿ ಕೇಳಿಸಿದ್ರ ಸಾಕು. ನನಗ ತುಂಬಬೇಕಲ್ಲ!”

ಅವು ತುಂಬುವಷ್ಟರಲ್ಲಿ ಮಳೆ ನಿಂತುಬಿಟ್ಟಿತು. ಬೇರೆ ಗತಿಯಿಲ್ಲದೆ ಅಳಿಯ ಅದನ್ನೇ ಕಳಿಸಿ ತಲೆಗೆ ಕೈಹಚ್ಚಿ ಕೂತ. ಮಧ್ಯಾಹ್ನ ಫೋನು ಬಂತು. ಅಳಿಯ ಸ್ಪೀಕರಿಗೆ ಹಾಕಿದ, ಮಗಳು ಟ್ರಂಕಿನ ಮೇಲೆ ಕೂತೇ ಕಿವಿಗೊಟ್ಟಳು.

“ಹಲಗಿ, ಏಕತಾರಿ ಛಲೋ ಇವೆ,” ಅಂದರು ಮುಂಬೈಯವರು. “ಮಳೆಯದೇ ಒಂದು ಮಾತು...”

ಅಳಿಯ ಕಣ್ಣು ಮುಚ್ಚಿಕೊಂಡ.

“ಮಳೆಯ ಜೊತೆಗೆ ಬಾರಿಸಿದಿರಲ್ಲ, ಅದು ಯಾವ ವಾದ್ಯ? ಬರಬರುತ್ತ ಸ್ವರವೇ ಬದಲಾಗುತ್ತದೆ! ಅಂಥದು ಇನ್ನಷ್ಟು ಕೊಟ್ಟರೆ ಪೂರ್ತಿ ಗಂಟು ನನಗೇ, ವರ್ಷವಿಡೀ ಕೆಲಸ ನಿಮಗೇ.”

ನಾನು ಅಳಿಯನ ಕೈಯಿಂದ ಫೋನು ಕಸಿದುಕೊಂಡೆ. ಇತಿಹಾಸ ಕಲಿಸಿದವನಲ್ಲವೇ! “ಭಾಳ ಪುರಾತನ ವಾದ್ಯ ಅದರಿ. ನಮ್ಮ ಕಡಿ ಹೆಣ್ಮಕ್ಕಳೇ ನುಡಿಸ್ತಾರ.”

“ಆ ಕಲಾವಿದೆಯನ್ನೇ ಕರೀರಿ. ಇವತ್ತೇ ಇನ್ನೊಮ್ಮೆ ನುಡಿಸಲು ಆಗುತ್ತದೆಯೇ?”

ನನ್ನಾಕೆ ಸೆರಗಿಗೆ ಕೈ ಒರೆಸಿಕೊಂಡು ಫೋನಿಗೆ ಬಾಯಿ ಹಚ್ಚಿದಳು. “ಇವತ್ತು ಆಗಂಗಿಲ್ರಿ, ಎಲ್ಲಾ ತುಂಬ್ಯಾವ. ಖಾಲಿ ಆದ ಮ್ಯಾಲ ಹೇಳ್ತೀನಿ.”

ಮಗಳು ನಕ್ಕು ನಕ್ಕು ಟ್ರಂಕಿನಿಂದ ಕೆಳಗೆ ಜಾರಿದಳು. ಟ್ರಂಕು ಮತ್ತೆ ಅಟ್ಟ ಹತ್ತಿದ ಆ ದಿನ ಕಾರಹುಣ್ಣಿಮೆ, ಮಂಗಳವಾರ.