ಅನಗತ್ಯ ಸದ್ದು

ನಮಗೆ ಏನು ಬೇಕು ಎಂಬುದನ್ನು ಕಾಗದದ ಮೇಲೆ ಸರಿಯಾಗಿ ಬರೆಯುವುದು ಬಹಳ ಕಷ್ಟ. ಸರ್ಕಾರಿ ದಾಖಲೆ ಕೋಣೆಯಲ್ಲಿ ಕೂದಲು ಉದುರಿಸಿಕೊಂಡು ನಿವೃತ್ತನಾದ ನಾನು ಇದನ್ನು ಹೇಳಬಾರದು. ಆ ವಿದ್ಯೆಯಲ್ಲಿ ನನಗೆ ಹೆಸರಿತ್ತು. ಹಳೇ ಕಡತಗಳನ್ನು ಕಂಪ್ಯೂಟರಿಗೆ ಹತ್ತಿಸುವ ಯಂತ್ರ ಕೊಳ್ಳುವಾಗ ಟೆಂಡರಿನ ಷರತ್ತು ಬರೆದವನು ನಾನೇ. ಯಂತ್ರ ಬರೆದಂತೆಯೇ ಬಂತು, ಬಾಗಿಲಲ್ಲಿ ತೂರಲಿಲ್ಲ. ಬಾಗಿಲಿನ ಅಗಲ ಬರೆಯಲು ಯಾರೂ ಹೇಳಿರಲಿಲ್ಲ.

ಹೋದ ವರ್ಷ ನನ್ನ ಹೆಂಡತಿ ಜಯಮ್ಮ ತೀರಿಕೊಂಡಳು. ಅವಳ ದನಿ ಉಳಿದಿದ್ದದ್ದು ಒಂದೇ ಕ್ಯಾಸೆಟ್ಟಿನಲ್ಲಿ. ದೊಡ್ಡಬಳ್ಳಾಪುರದ ಅವಳ ತವರಿನಲ್ಲಿ, ಪಕ್ಕದ ಕೋಣೆಯ ಮಗ್ಗದ ಗಡಗಡದ ನಡುವೆ, ಮಾವ ಹಾಡಿದ ತತ್ವಪದವನ್ನು ನಾನು ಹಿಡಿದಿಟ್ಟದ್ದು. ಹಾಡಿನ ಮಧ್ಯೆ ಅವಳು ಅಡುಗೆಮನೆಯಿಂದ ಕೂಗುತ್ತಾಳೆ: "ರೀ, ಆ ಬಟನ್ ಒತ್ತಿದೀರೋ ಇಲ್ವೋ? ನಿಮ್ಮನ್ ನಂಬ್ಕೊಂಡು ನಮ್ಮಪ್ಪ ಗಂಟ್ಲು ಹರ್ಕೊಳ್ತಾವ್ರೆ!" ಮಾವ ಹಾಡು ನಿಲ್ಲಿಸಿ ನಗುತ್ತಾರೆ. ನನಗೆ ಬೇಕಾಗಿದ್ದದ್ದು ಆ ಬೈಗುಳ.

ಟೇಪು ಹಪ್ಪಳವಾಗಿತ್ತು, ಇನ್ನೊಂದೇ ಸಲ ಓಡಬಹುದು ಎಂದು ರಿಪೇರಿಯವರು ಹೇಳಿದರು. ಬೇರೆಯವರಾಗಿದ್ದರೆ ಅಂಗಡಿಗೆ ಹೋಗಿ, ಇದನ್ನು ಕಂಪ್ಯೂಟರಿಗೆ ಹತ್ತಿಸಿಕೊಡಿ ಎಂದು ಬಾಯಲ್ಲಿ ಹೇಳುತ್ತಿದ್ದರು. ನಾನು ಮೂರು ಕಡೆ ದರಪಟ್ಟಿ ಕೇಳಿ, ಷರತ್ತು ಬರೆದು ಕಳಿಸಿದೆ. 'ಉದ್ದೇಶ' ಎಂಬಲ್ಲಿ ಹೆಂಡತಿಯ ಬೈಗುಳ ಎಂದು ಬರೆಯಲು ನಾಚಿಕೆಯಾಗಿ 'ತತ್ವಪದದ ಸಂರಕ್ಷಣೆ' ಎಂದೆ. ಮಗ್ಗವನ್ನು ನೆನೆದು 'ಅನಗತ್ಯ ಸದ್ದನ್ನೆಲ್ಲ ತೆಗೆಯತಕ್ಕದ್ದು' ಎಂದೆ. ಕಚೇರಿಯ ಚಾಳಿ ಬಿಡದೆ 'ಯಾವುದೇ ಪ್ರತಿಯನ್ನು ತಮ್ಮಲ್ಲಿ ಉಳಿಸಿಕೊಳ್ಳತಕ್ಕದ್ದಲ್ಲ' ಎಂದೂ ಸೇರಿಸಿದೆ. ಒಬ್ಬ ಫೋನ್ ಮಾಡಿ, "ಸರ್, ನಿಮ್ಗೆ ಮುಖ್ಯವಾಗಿ ಏನ್ ಬೇಕು ಹೇಳಿ" ಎಂದು ಕೇಳಿದ. ಷರತ್ತು ಓದದ ಮನುಷ್ಯ ಎಂದು ಅವನನ್ನು ಕೈಬಿಟ್ಟೆ.

ಏನನ್ನೂ ಕೇಳದ ನೆಲಮಂಗಲದ ಸ್ಟುಡಿಯೋದವನು ಆಯ್ಕೆಯಾದ. ಪೆನ್‌ಡ್ರೈವ್ ಕೊಡುತ್ತಾ, "ಸೂಪರ್ ಕ್ಲೀನ್ ಸರ್. ಮಗ್ಗದ ಸೌಂಡ್ ಈಜಿಯಾಗಿ ಹೋಯ್ತು. ಮಧ್ಯದಲ್ಲಿ ಯಾರೋ ಹೆಂಗಸು ಕಿರುಚ್ತಿದ್ರು ನೋಡಿ, ಅವ್ರನ್ನ ತೆಗೆಯೋಷ್ಟರಲ್ಲಿ ಸಾಕಾಗ್ಬಿಡ್ತು" ಎಂದ. ಟೇಪೆಲ್ಲಿ ಎಂದೆ. ಓಡಿಸುತ್ತಲೇ ಪುಡಿಯಾಯಿತಂತೆ. ನಿಮ್ಮ ಕಂಪ್ಯೂಟರಿನಲ್ಲಾದರೂ ಇರಬೇಕಲ್ಲ ಎಂದೆ.

"ಎಲ್ಲಾ ಅಳಿಸ್ಬಿಟ್ಟೆ ಸರ್, ನೀವೇ ಬರ್ದಿದ್ರಲ್ಲ."

ಅಷ್ಟು ಶ್ರದ್ಧೆಯಿಂದ ಕೆಲಸ ಮಾಡಿದವನನ್ನು ಏನೆಂದು ಬೈಯಲಿ? 'ಷರತ್ತಿನಂತೆ ಕೆಲಸ ತೃಪ್ತಿಕರವಾಗಿದೆ' ಎಂದು ಸಹಿ ಹಾಕಿ ಬಸ್ಸು ಹತ್ತಿದೆ. ಕಿಟಕಿಗೆ ಮುಖ ಕೊಟ್ಟು ಊರು ಬರುವವರೆಗೂ ಅತ್ತೆ.

ಈಗ ಮಾವ ಬಹಳ ಸ್ಪಷ್ಟವಾಗಿ ಹಾಡುತ್ತಾರೆ. ಮಧ್ಯದಲ್ಲಿ ಸುಮ್ಮನಾಗುತ್ತಾರೆ, ಯಾರೂ ಏನೂ ಅನ್ನದಿದ್ದರೂ ನಗುತ್ತಾರೆ. ಆ ಖಾಲಿ ಜಾಗ ಬಂದಾಗ ನಾನೇ ಗಟ್ಟಿಯಾಗಿ, "ರೀ, ಆ ಬಟನ್ ಒತ್ತಿದೀರೋ ಇಲ್ವೋ?" ಎಂದು ನನ್ನನ್ನು ಬೈದುಕೊಳ್ಳುತ್ತೇನೆ. ಮಾವ ಸರಿಯಾದ ಹೊತ್ತಿಗೆ ನಗುತ್ತಾರೆ. ಅವಳಷ್ಟು ಚೆನ್ನಾಗಿ ಬೈಯಲು ಮಾತ್ರ ನನಗೆ ಇನ್ನೂ ಬಂದಿಲ್ಲ.